ನಿಮಗೆ ಆ ಮಗು ಏನಾಗಬೇಕು?

ಹೃದಯದ ಡಾಕ್ಟರು ನನ್ನ ಹೃದಯದಲ್ಲಿ ಯಾವ ದೋಷವೂ ಇಲ್ಲ ಎಂದರು. ಇಸಿಜಿ, ಎಕೋ, ರಕ್ತ ಪರೀಕ್ಷೆ ಎಲ್ಲ ಆಗಿತ್ತು. ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತ ಹಾಗಾಗುತ್ತದೆ, ಉಸಿರು ಅರ್ಧಕ್ಕೇ ನಿಲ್ಲುತ್ತದೆ ಎಂದು ನಾನು ಮತ್ತೊಮ್ಮೆ ಹೇಳಿದೆ. ಅವರು ವರದಿಗಳನ್ನು ಪಕ್ಕಕ್ಕಿಟ್ಟು, "ಇತ್ತೀಚೆಗೆ ಮನೇಲಿ ಏನಾದ್ರೂ ಆಯ್ತಾ?" ಎಂದು ಕೇಳಿದರು. ಏನೂ ಆಗಿಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ಮಗಳು ನನ್ನ ಮುಖ ನೋಡಿದಳು. ಆಮೇಲೆ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾನೊಬ್ಬಳೇ ಮತ್ತೆ ಒಳಗೆ ಹೋಗಿ ಬಂದಳು.

ಕಾರಿನಲ್ಲಿ ಬರುವಾಗ ಹೇಳಿದಳು. "ಅಮ್ಮ, ಕೌನ್ಸೆಲರ್ ಒಬ್ರಿದಾರೆ. ಒಂದ್ಸಲ ಹೋಗ್ಬಾ. ಕೂತು ಮಾತಾಡೋದು ಅಷ್ಟೆ."

"ನಂಗೇನು ಹುಚ್ಚಾ?"

"ಹುಚ್ಚು ಅಂತ ಯಾರಂದ್ರು? ನಮ್ಮ ಆಫೀಸಲ್ಲಿ ಎಷ್ಟೋ ಜನ ಹೋಗ್ತಾರೆ. ನಾನೂ ಹೋಗಿದ್ದೆ."

ಅವಳು ಹೋಗಿದ್ದು ನನಗೆ ಗೊತ್ತಿರಲಿಲ್ಲ. ಯಾವಾಗ, ಯಾಕೆ ಎಂದು ಕೇಳಬೇಕೆನಿಸಿತು. ಕೇಳಿದರೆ ನನ್ನದನ್ನೂ ಹೇಳಬೇಕಾಗುತ್ತದೆ ಎಂದು ಸುಮ್ಮನಾದೆ. ಬೊಮ್ಮಸಂದ್ರದ ಸಿಗ್ನಲ್ಲಿನಲ್ಲಿ ಗಾಡಿಗಳು ಮುಂದಕ್ಕೆ ಹೋಗದೆ ನಿಂತಿದ್ದವು. ತಲೆಯ ಮೇಲೆ ಮೆಟ್ರೊ ಹೋಯಿತು. ಆ ಮಗು ಇದ್ದಿದ್ದರೆ ಕಿಟಕಿಗೆ ಮೂಗು ಒತ್ತಿ ನೋಡುತ್ತಿತ್ತು. "ಆಯ್ತು, ಹೋಗ್ತೀನಿ" ಎಂದೆ.

ಕೌನ್ಸೆಲರ್ ಇದ್ದದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ನಮ್ಮ ಹೆಬ್ಬಗೋಡಿಯವರು ಯಾರಾದರೂ ನೋಡಿದರೆ ಹಲ್ಲು ತೋರಿಸಲು ಬಂದೆ ಎಂದು ಹೇಳಬಹುದು ಎಂದುಕೊಂಡೆ. ಆದರೂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಹೊರಗಿನ ಕೋಣೆಯಲ್ಲಿ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡಿದ್ದ ಒಬ್ಬ ಹುಡುಗಿ ಕೂತಿದ್ದಳು. ಅವಳೂ ನನ್ನ ಕಡೆ ನೋಡಲಿಲ್ಲ. ಅಲ್ಲಿ ಒಬ್ಬರನ್ನೊಬ್ಬರು ನೋಡುವುದಿಲ್ಲವೆಂದು ಆಮೇಲೆ ಗೊತ್ತಾಯಿತು. ನನಗೆ ಅದು ಹಿತವಾಗಿತ್ತು.

ಕೌಂಟರಿನಲ್ಲಿ ಎರಡು ಹಾಳೆ ಕೊಟ್ಟರು, ಕನ್ನಡದಲ್ಲೇ ಇದ್ದವು. ವಯಸ್ಸು, ಬಿಪಿ ಶುಗರ್ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು. ಅದೆಲ್ಲ ತುಂಬಿದೆ. ಇಲ್ಲಿಗೆ ಬರಲು ಕಾರಣ ಎಂಬಲ್ಲಿ ಪೆನ್ನು ನಿಂತಿತು. ಬಿಟ್ಟು ಕೊಟ್ಟೆ. ಅವರೇನೂ ಅನ್ನಲಿಲ್ಲ.

ಒಳಗೆ ಮಂಚವಿರುತ್ತದೆ, ಮಲಗಿಸುತ್ತಾರೆ, ಕತ್ತಲೆ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ಇಲ್ಲದಿದ್ದರೆ ಸಮಾಧಾನ ಮಾಡ್ಕೊಳ್ಳಿ, ದೇವರ ಧ್ಯಾನ ಮಾಡಿ, ವಾಕಿಂಗ್ ಹೋಗಿ ಎಂದು ಹೇಳಿ ಮಾತ್ರೆ ಬರೆಯುತ್ತಾರೆ. ಅಲ್ಲಿ ಇದ್ದದ್ದು ಎರಡು ಕುರ್ಚಿ, ಒಂದು ಪುಟ್ಟ ಮೇಜು, ನೀರಿನ ಬಾಟಲಿ, ಒಂದು ಟಿಶ್ಯೂ ಡಬ್ಬಿ. ಎದ್ದು ನಿಂತು ಬನ್ನಿ ಎಂದವಳು ನನ್ನ ಮಗಳ ವಯಸ್ಸಿನವಳು. ಇವಳಿಗೇನು ಗೊತ್ತಿರುತ್ತದೆ ಎಂದುಕೊಂಡೇ ಕೂತೆ.

"ಇವತ್ತು ಮೊದಲ ದಿನ" ಎಂದು ಆಕೆ ಶುರುಮಾಡಿದಳು. "ನಾನು ಸ್ವಲ್ಪ ಜಾಸ್ತಿ ಪ್ರಶ್ನೆ ಕೇಳ್ತೀನಿ. ಯಾವುದಕ್ಕೆ ಹೇಳೋಕೆ ಇಷ್ಟ ಇಲ್ವೋ ಅದನ್ನ ಬೇಡ ಅಂದ್ಬಿಡಿ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ, ನಿಮ್ಮ ಮಗಳು ಕೇಳಿದ್ರೂ ಹೇಳಲ್ಲ. ನಿಮ್ಮ ಜೀವಕ್ಕೋ ಇನ್ನೊಬ್ರ ಜೀವಕ್ಕೋ ಅಪಾಯ ಇದೆ ಅನ್ಸಿದ್ರೆ ಮಾತ್ರ ಮನೆಯವರ ಹತ್ರ ಮಾತಾಡ್ಬೇಕಾಗುತ್ತೆ. ಅದನ್ನೂ ಮೊದ್ಲು ನಿಮಗೇ ಹೇಳ್ತೀನಿ."

ನಾನು ತಲೆಯಾಡಿಸಿದೆ.

"ನಿಮ್ಮನ್ನ ಹೇಗೆ ಕರೀಲಿ? ಅಮ್ಮ ಅನ್ನಬಹುದಾ?"

"ಬೇಡ" ಎಂದೆ. ನನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಆ ಪದ ಬಂದ ಕೂಡಲೇ ಎದೆಯ ಮೇಲೆ ಆ ಮೊಣಕಾಲು ಊರಿತ್ತು. ಯಾಕೆ ಬೇಡ ಎಂದು ಕೇಳುತ್ತಾಳೆ ಎಂದು ಕಾದೆ. ಆಕೆ ಕೇಳಲಿಲ್ಲ. "ಸರಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ನಾನೇ, "ಆಂಟಿ ಅನ್ನಿ ಸಾಕು" ಎಂದೆ.

ನಿದ್ದೆ ಹೇಗೆ ಬರುತ್ತದೆ, ಮನೆಕೆಲಸ ಮಾಡಲು ಮನಸ್ಸು ಬರುತ್ತದೆಯೇ, ಜನರ ಜೊತೆ ಬೆರೆಯುತ್ತೀರಾ ಎಂದೆಲ್ಲ ಕೇಳುತ್ತ ಹೋದಳು. ಹೂಂ, ಉಹೂಂ ಎಂದು ಉತ್ತರಿಸುತ್ತ ಹೋದೆ. ಊಟದ ವಿಷಯ ಬಂದಾಗ ಮಾತ್ರ ಬಾಯಿ ತಪ್ಪಿತು.

"ಅನ್ನ ಕಲಸ್ತೀನಿ. ಕೈಯಲ್ಲಿ ಚಿಕ್ಕ ಚಿಕ್ಕ ತುತ್ತೇ ಬರುತ್ತೆ. ಅದನ್ನ ನಾನು ಬಾಯಿಗಿಟ್ಕೊಳ್ಳೋಕಾಗಲ್ಲ. ತಟ್ಟೆ ಹಂಗೇ ಬಿಟ್ಟೇಳ್ತೀನಿ."

"ಚಿಕ್ಕ ತುತ್ತು ಯಾರಿಗೆ ಮಾಡ್ತಿದ್ರಿ?"

"ಒಂದು ಮಗೂಗೆ."

"ನಿಮಗೆ ಆ ಮಗು ಏನಾಗಬೇಕು?"

ಎಲ್ಲರೂ ಕೇಳುವ ಸಾಧಾರಣ ಪ್ರಶ್ನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ನಾವೇ ಎಷ್ಟು ಜನರನ್ನು ಹೀಗೆ ಕೇಳಿರುತ್ತೇವೆ. ಮೊಮ್ಮಗಳು, ತಂಗಿ ಮಗಳು, ನಾದಿನಿ ಮಗಳು, ಏನಾದರೂ ಒಂದು ಇರುತ್ತದೆ. ನಾನು ಹುಡುಕಿದೆ. ಸಿಗಲಿಲ್ಲ.

"ಏನೂ ಆಗಬೇಕಿಲ್ಲ" ಎಂದೆ. "ಬಾಡಿಗೆಯವರ ಮಗು."

ಆಕೆ ಪೆನ್ನು ಕೆಳಗಿಟ್ಟಳು. "ಹೇಳಿ" ಎಂದಳು. ಅಷ್ಟೇ. ನಾನು ಅಲ್ಲಿಯವರೆಗೆ ಯಾರಿಗೂ ಹೇಳದಿದ್ದುದನ್ನು ಹೇಳತೊಡಗಿದೆ.

ನನ್ನ ಮಾವನವರ ಕಾಲದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಮೂರು ಅಂತಸ್ತಿನ ಕಟ್ಟಡವಿದೆ. ಕೆಳಗೆ ನಾನು ಮತ್ತು ಯಜಮಾನರು, ಮೇಲೆಲ್ಲ ಒಂದೊಂದು ಕೋಣೆಯ ಬಾಡಿಗೆ ಮನೆಗಳು. ಗಾರ್ಮೆಂಟ್ಸಿನ ಹೆಂಗಸರು, ಸೆಕ್ಯುರಿಟಿ ಕೆಲಸದವರು, ಗಾರೆ ಕೆಲಸದವರು ಬರುತ್ತಾರೆ, ವರ್ಷವೋ ಎರಡು ವರ್ಷವೋ ಇದ್ದು ಹೋಗುತ್ತಾರೆ. ಬಾಡಿಗೆಯವರನ್ನ ಹಚ್ಕೋಬಾರ್ದು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಹಚ್ಚಿಕೊಂಡೂ ಇರಲಿಲ್ಲ.

ಇವರು ಬಾಗಲಕೋಟೆ ಕಡೆಯವರು. ಗಂಡ ಗಾರೆ ಕೆಲಸ ಮಾಡುತ್ತಿದ್ದ, ಹೆಂಡತಿ ಗಾರ್ಮೆಂಟ್ಸಿನಲ್ಲಿ ಟೈಲರ್. ಬಂದಾಗ ಅವಳಿಗೆ ಆರು ತಿಂಗಳಾಗಿತ್ತು. ಹೆರಿಗೆಗೆ ಊರಿಗೆ ಹೋಗುವ ಮಾತಿತ್ತು. ಅಷ್ಟರೊಳಗೆ ನೋವು ಬಂತು. ಗಂಡ ಕೆಲಸಕ್ಕೆಂದು ವೈಟ್‌ಫೀಲ್ಡಿನ ಕಡೆ ಹೋಗಿದ್ದ. ಆಟೊದಲ್ಲಿ ಅವಳನ್ನು ಕರೆದುಕೊಂಡು ಹೋದವಳು ನಾನು. ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದು ಮೊದಲು ಕೊಟ್ಟದ್ದು ನನ್ನ ಕೈಗೆ. ಹೆಣ್ಣು ಮಗು. ಕಣ್ಣು ಬಿಡದೆ ಬಾಯಿ ಮಾತ್ರ ಮಿಸುಕಾಡಿಸುತ್ತಿತ್ತು.

ಮಗು ಬೋರಲು ಬೀಳುವ ಹೊತ್ತಿಗೆ ಅವಳು ಮತ್ತೆ ಕೆಲಸಕ್ಕೆ ಹೋಗಬೇಕಾಯಿತು. ಕಾರ್ಖಾನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯಿತ್ತು. ಬಿಟ್ಟ ವಾರದಲ್ಲೇ ಮಗುವಿಗೆ ನೆಗಡಿ, ಕೆಮ್ಮು ಶುರುವಾಯಿತು. "ಇಲ್ಲೇ ಬಿಟ್ಟೋಗಮ್ಮ, ನಾನೇನು ಮಾಡ್ತಾ ಇದೀನಿ" ಎಂದೆ. ಆ ಮಾತು ಹೇಳುವಾಗ ಅದರಲ್ಲಿ ಏನೂ ಇರಲಿಲ್ಲ. ನಿಜವಾಗಿಯೂ ನನಗೆ ಕೆಲಸವಿರಲಿಲ್ಲ. ಹೊಲವಿಲ್ಲ, ಹಸುವಿಲ್ಲ, ಮಗಳು ಮದುವೆಯಾಗಿ ಚಂದಾಪುರದಲ್ಲಿದ್ದಳು.

ಬೆಳಿಗ್ಗೆ ಅವಳು ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ ಓಡುತ್ತಿದ್ದಳು. ಸ್ನಾನ, ಊಟ, ನಿದ್ದೆ ಎಲ್ಲ ನನ್ನ ಹತ್ತಿರ. ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ. ಅವರು ಸಹ ಪೇಪರು ಮಡಿಚಿಟ್ಟು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ರೊ ತೋರಿಸಲು ರಸ್ತೆಯವರೆಗೆ ಹೋಗಿಬರತೊಡಗಿದರು. ಅದು ಮಾತು ಕಲಿತದ್ದು ನಮ್ಮ ಮನೆಯ ನಡುಮನೆಯಲ್ಲಿ. ಹಾಲಿಗೆ ಆಲು ಅನ್ನುತ್ತಿತ್ತು, ಹೂವಿಗೆ ಊವು, ನಮ್ಮ ಯಜಮಾನರ ಹಾಗೆಯೇ. ಸಂಜೆ ಮಗುವಿನ ತಾಯಿ ಬಂದು ಅದನ್ನು ಕೇಳಿ ನಗುತ್ತಿದ್ದಳು. "ನೋಡ್ರೀ ಅಕ್ಕಾ, ನನ್ನ ಹೊಟ್ಯಾಗ ಹುಟ್ಟಿ ನಿಮ್ಮ ಮಾತು ಆಡ್ತಾಳ."

ಅವಳು ಮಗುವಿಗೆ ತನ್ನನ್ನು ಅವ್ವ ಎಂದು ಕರೆಯಲು ಕಲಿಸಿದ್ದಳು. ನನ್ನ ಮಗಳು ಬಂದಾಗೆಲ್ಲ ನನ್ನನ್ನು ಅಮ್ಮ ಎನ್ನುವುದನ್ನು ಕೇಳಿ ಮಗುವೂ ನನ್ನನ್ನು ಅಮ್ಮ ಎನ್ನತೊಡಗಿತು. ಎರಡು ಬೇರೆ ಬೇರೆ ಪದಗಳಾದ್ದರಿಂದ ಯಾರಿಗೂ ಏನೂ ಅನಿಸಲಿಲ್ಲ. ಅವ್ವ ಅಂದರೆ ಮೇಲಿನ ಮನೆ, ಅಮ್ಮ ಅಂದರೆ ಕೆಳಗಿನ ಮನೆ ಎಂದು ನಾವೆಲ್ಲ ನಗುತ್ತಿದ್ದೆವು.

ಮಗುವಿಗೆ ಮೂರು ತುಂಬಿದ ಮೇಲೆ ಒಂದು ಸಲ ಜೋರು ಜ್ವರ ಬಂತು. ಡಾಕ್ಟರಿಗೆ ತೋರಿಸಿಕೊಂಡು ಬಂದು ನನ್ನ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಸಂಜೆ ತಾಯಿ ಬಂದಳು. ಚಪ್ಪಲಿ ಬಿಡುವಷ್ಟೂ ತಡೆಯದೆ ಹೊಸ್ತಿಲಿನಿಂದಲೇ ಕೈ ಚಾಚಿ, "ಬಾ ನನ್ನವ್ವಾ, ಬಾ" ಎಂದಳು. ಮಗು ಕಣ್ಣು ತೆರೆದು ಅವಳನ್ನು ನೋಡಿತು. "ನೀನೋಗು" ಎಂದು ನನ್ನ ಹೊಟ್ಟೆಯೊಳಗೆ ಮುಖ ಹುದುಗಿಸಿತು.

ಜ್ವರದ ಮಗು, ಏನೋ ಅಂದಿತು ಎಂದೆ ನಾನು. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಗೊತ್ತಾಗದೆ ಹಾಗೇ ನಿಂತಿದ್ದಳು. ಅವಳಿಗೆ ಏನಾಯಿತು ಎಂಬುದು ನನಗೆ ಗೊತ್ತಿತ್ತು. ನನ್ನ ಮಗಳು ಚಿಕ್ಕವಳಿದ್ದಾಗ ನಾನು ಹೊಲ, ಹಸು, ಡೈರಿ ಎಂದು ಹೊರಗೇ ಇದ್ದೆ. ಮಗುವನ್ನು ಸಾಕಿದ್ದು ನನ್ನ ಅತ್ತೆ. ಅತ್ತೆಯ ಪಕ್ಕದಿಂದ ಎತ್ತಿಕೊಂಡರೆ ಅವಳು ಕಿರುಚಾಡುತ್ತಿದ್ದಳು. ಕೈಗೆ ಸಗಣಿ ವಾಸನೆ ಬರುತ್ತೆ ಅಂತ ಹಂಗೆ ಮಾಡ್ತದೆ ಎಂದು ಅತ್ತೆ ಸಮಾಧಾನ ಹೇಳುತ್ತಿದ್ದರು. ನಾನು ಕೊಟ್ಟಿಗೆಗೆ ಹೋಗಿ ಅತ್ತು ಬರುತ್ತಿದ್ದೆ. ಹೀಗಿರುವಾಗ ಇವಳಿಗೆ ನಾನೇನು ಹೇಳಲಿ?

ಹದಿನೈದು ದಿನದ ಮೇಲೆ ಅವಳು ರಜೆ ಹಾಕಿ ಮಧ್ಯಾಹ್ನ ಕೆಳಗೆ ಬಂದು ಕೂತಳು. ಮಗು ಮಲಗಿತ್ತು.

"ಅಕ್ಕಾ, ನಾವು ಊರಿಗಿ ಹೋಗಾಕತ್ತೀವ್ರೀ."

"ಯಾವಾಗ ಬರ್ತೀರಾ?"

"ಬರೂದಿಲ್ರೀ."

ನಾನು ಮಲಗಿದ್ದ ಮಗುವಿನ ಹೊದಿಕೆ ಸರಿಮಾಡಿದೆ. ಅವಳೇ ಹೇಳಿದಳು. "ನೀವೇನೂ ತಪ್ಪು ಮಾಡಿಲ್ರೀ ಅಕ್ಕಾ. ನೀವಿಲ್ಲಂದ್ರ ನಾ ದುಡಿಯಾಕ ಆಗ್ತಿದ್ದಿಲ್ಲ. ಆದ್ರ ಜ್ವರ ಬಂದಾಗ ಸೈತ ಆಕಿ ನನ್ನ ಕಡೆ ಬರಲಿಲ್ಲಲ್ರೀ. ಇನ್ನೊಂದು ವರ್ಷ ಇಲ್ಲೇ ಇದ್ರ ನಾ ಆಕಿಗಿ ಏನೂ ಅಲ್ಲದಂಗ ಆಗ್ತೀನಿ."

"ನೀನು ಹೇಳೋದು ಸರಿ ಕಣಮ್ಮ" ಎಂದೆ. ಎಂದದ್ದು ನನ್ನ ಬಾಯಿ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ಮಗು ಏಳುವ ಹೊತ್ತಾಯಿತು, ಹಾಲು ಕಾಯಿಸಬೇಕು ಎಂದು ಎದ್ದೆ.

ಬಾಗಲಕೋಟೆಯ ಸ್ಲೀಪರ್ ಬಸ್ಸು ಸಂಜೆ ಹೊಸೂರು ರಸ್ತೆಯಲ್ಲಿ ಬಂದು ನಿಲ್ಲುತ್ತದೆ. ನಾವಿಬ್ಬರೂ ಬಿಡಲು ಹೋದೆವು. ಮಗುವಿಗೆ ಅದು ಬಸ್ಸಿನ ಸಂಭ್ರಮ. ಹೊಸ ಫ್ರಾಕು, ಕೈಯಲ್ಲಿ ಬಿಸ್ಕತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಮ್ಮ, ನೀನೂ ಬಸ್ಸು ಅತ್ತು" ಎಂದಿತು. ಯಜಮಾನರು ಮುಂದೆ ಹೋಗಿ ಅದರ ಕೈ ಹಿಡಿದು, "ನಾಳೆ ಬತ್ತೀವಿ ಕಣವ್ವ, ನೀ ವೋಗಿರು" ಎಂದರು. ಮಗು ನಂಬಿತು. ಬಸ್ಸು ಹೊರಟಾಗ ನಗುತ್ತಲೇ ಕೈಯಾಡಿಸಿತು.

ಮೊದಲ ವಾರ ನಾನು ದಿನಾ ವಿಡಿಯೊ ಕಾಲ್ ಮಾಡಿದೆ. ಆಮೇಲೆ ಒಂದು ದಿನ ತಾಯಿ ತಾನೇ ಫೋನ್ ಮಾಡಿದಳು. ಯಜಮಾನರು ಊಟಕ್ಕೆ ಕೂತಿದ್ದರು, ಫೋನು ಸ್ಪೀಕರಿನಲ್ಲಿತ್ತು.

"ಅಕ್ಕಾ, ತಪ್ಪು ತಿಳಕೋಬ್ಯಾಡ್ರೀ. ಸ್ವಲ್ಪ ದಿನ ಫೋನ್ ಮಾಡಬ್ಯಾಡ್ರೀ. ನಿಮ್ಮ ದನಿ ಕೇಳಿದ ಮ್ಯಾಲೆ ಆಕಿ ಬಾಗಲದಾಗ ಹೋಗಿ ಕುಂದರ್ತಾಳ. ಊಟಕ್ಕ ಕರದ್ರ ಬರೂದಿಲ್ಲ. ನಾಳೆ ಬತ್ತಾರೆ, ನಾಳೆ ಬತ್ತಾರೆ ಅಂತಾಳ. ಯಾರು ಹೇಳ್ಯಾರ್ರೀ ಆಕಿಗಿ ಹಂಗ?"

ಯಜಮಾನರು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದರು. "ಆಯ್ತಮ್ಮ, ಮಾಡಲ್ಲ" ಎಂದು ನಾನು ಫೋನಿಟ್ಟೆ. ಎದೆಯ ಮೇಲೆ ಮೊಣಕಾಲು ಊರತೊಡಗಿದ್ದು ಅಂದಿನಿಂದ.

ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ನಾನು ಅಳುತ್ತಿದ್ದೆ. ಬಸ್ ಸ್ಟಾಪಿನಲ್ಲಿ ಬಾರದ ಅಳು, ಖಾಲಿ ಮನೆ ಗುಡಿಸುವಾಗ ಬಾರದ ಅಳು, ಆ ಅಪರಿಚಿತ ಕೋಣೆಯಲ್ಲಿ ಬಂತು. ಮೂಗು ಬಾಯಿ ಒಂದಾಗಿ, ದನಿ ಹೊರಗೆ ಕೇಳುವ ಹಾಗೆ. ಕೌನ್ಸೆಲರ್ ಅಳಬೇಡಿ ಎನ್ನಲಿಲ್ಲ. ಟಿಶ್ಯೂ ಡಬ್ಬಿಯನ್ನೂ ಮುಂದೆ ತಳ್ಳಲಿಲ್ಲ, ಅದು ನನ್ನ ಕೈಗೆ ಸಿಗುವಲ್ಲೇ ಇತ್ತು. ಆಕೆ ಕೂತಿದ್ದಳು ಅಷ್ಟೆ. ಯಾರಾದರೂ ಅಳುವಾಗ ನಾವು ಎಷ್ಟು ಬೇಗ ಏನಾದರೂ ಹೇಳಿಬಿಡುತ್ತೇವಲ್ಲ ಎಂದು ಮನೆಗೆ ಬಂದ ಮೇಲೆ ಅನ್ನಿಸಿತು.

"ನಿಮ್ಮ ಕಡೆಯವರು ಇದಕ್ಕೆ ಏನಂತಾರೆ?" ಎಂದು ಆಮೇಲೆ ಕೇಳಿದಳು.

"ಏನಂತಾರೆ? ಬಾಡಿಗೆಯವರು ಖಾಲಿ ಮಾಡ್ಕೊಂಡ್ ಹೋದ್ರು ಅಂತಾರೆ. ಬೇರೆಯವರು ಬರ್ತಾರೆ ಅಂತಾರೆ. ಯಾರಾದ್ರೂ ಸತ್ತಿದ್ರೆ ಮನೆಗೆ ಜನ ಬರ್ತಿದ್ರು. ಇಲ್ಲಿ ಯಾರೂ ಸತ್ತಿಲ್ಲ. ಮಗು ತಾಯಿ ಹತ್ರ ಇದೆ, ಚೆನ್ನಾಗಿದೆ. ಇದಕ್ಕೆ ಅಳ್ತೀನಿ ಅಂದ್ರೆ ಜನ ನಗಲ್ವಾ?"

"ನೀವು ಏನನ್ನ ಕಳ್ಕೊಂಡ್ರಿ ಅನ್ನೋದು ನನಗೆ ಅರ್ಥ ಆಗ್ತಿದೆ" ಎಂದಳು. "ಅದಕ್ಕೆ ಹೆಸರಿಲ್ಲ ಅಂದ ಮಾತ್ರಕ್ಕೆ ಅದು ಚಿಕ್ಕದಾಗಲ್ಲ."

ಇನ್ನೂ ಪ್ರಶ್ನೆಗಳಿದ್ದವು. ಮನೆತನದಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತೇ ಎಂದು ಕೇಳಿದಳು. ಇಲ್ಲ ಎನ್ನಲು ಹೊರಟವಳು ತಡೆದೆ. ನಾನು ಏಳೆಂಟು ವರ್ಷದವಳಿದ್ದಾಗ ನನ್ನ ಹಿಂದೆ ಹುಟ್ಟಿದ ಕೂಸು ತೀರಿಹೋಗಿತ್ತು. ನಮ್ಮಮ್ಮ ಆ ಮಳೆಗಾಲ ಪೂರ್ತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾವು ಮಕ್ಕಳು ಹತ್ತಿರ ಹೋದರೆ, ಅವಳಿಗೆ ಮೈ ಸರಿಯಿಲ್ಲ, ಆಚೆ ಆಡ್ಕೊಳ್ಳಿ ಎಂದು ದೊಡ್ಡವರು ಕಳಿಸುತ್ತಿದ್ದರು. ಅದನ್ನು ನಾನು ಯಾವತ್ತೂ ಕಾಯಿಲೆ ಎಂದು ಎಣಿಸಿರಲಿಲ್ಲ. ಹೇಳಿದೆ. ಆಕೆ ಬರೆದುಕೊಂಡಳು.

ಆಮೇಲೆ ದನಿ ಬದಲಿಸದೆ ಕೇಳಿದಳು. "ಈ ನಡುವೆ ಸಾಯ್ಬೇಕು ಅಂತ ಯಾವಾಗಾದ್ರೂ ಅನ್ನಿಸಿದ್ದುಂಟಾ?"

ಅಂಥ ಮಾತನ್ನು ಹೀಗೆ ನೇರವಾಗಿ ಯಾರಾದರೂ ಕೇಳುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಸಿಟ್ಟು ಬರುವುದರ ಬದಲು ಹಗುರಾಯಿತು. "ಸಾಯ್ಬೇಕು ಅಂತಲ್ಲ. ಬೆಳಿಗ್ಗೆ ಏಳ್ದೇ ಇದ್ರೂ ಪರವಾಗಿಲ್ಲ ಅನ್ಸುತ್ತೆ."

ಆಕೆ ಅದನ್ನು ಹಾಗೇ ಬಿಡಲಿಲ್ಲ. ಎಷ್ಟು ಸಲ ಅನ್ನಿಸುತ್ತದೆ, ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ, ಹಾಗೆ ಅನ್ನಿಸಿದಾಗ ಯಾರ ಹತ್ತಿರ ಹೋಗುತ್ತೀರಿ, ಒಂದೊಂದಾಗಿ ಕೇಳಿದಳು. ಮಾಡಿಕೊಳ್ಳುವ ಯೋಚನೆ ಬಂದಿಲ್ಲ ಎಂದೆ, ಅದು ನಿಜವಾಗಿತ್ತು. ಯಾವ ಹೊತ್ತಿನಲ್ಲಾದರೂ ಕರೆಯಬಹುದಾದ ಸಹಾಯವಾಣಿಯ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಮಗಳಿಗೆ ಇಷ್ಟನ್ನಾದರೂ ತಿಳಿಸೋಣವೇ ಎಂದು ಕೇಳಿದಳು. ನಾನೇ ಹೇಳುತ್ತೇನೆ ಎಂದೆ.

ಕೊನೆಗೆ, "ಇಲ್ಲಿಗೆ ಬರೋದ್ರಿಂದ ಏನಾಗಬೇಕು ಅಂತ ನಿಮಗೆ ಆಸೆ?" ಎಂದಳು.

"ಅವಳು ನನ್ನನ್ನ ಬೇಗ ಮರೀಲಿ ಅಂತ ದೇವರ ಮುಂದೆ ದೀಪ ಹಚ್ತೀನಿ" ಎಂದೆ. "ಬಾಗಿಲಲ್ಲಿ ಕೂತ್ಕೊಳ್ಳೋದು ನಿಲ್ಲಿಸ್ಲಿ, ಅವ್ವನ ಕೈಯಲ್ಲಿ ಉಣ್ಲಿ ಅಂತ. ಹಚ್ಚಿ ಈಚೆಗೆ ಬರೋಷ್ಟರಲ್ಲಿ, ಮರೆತೇ ಬಿಟ್ರೆ ಅಂತ ಎದೆ ಹಿಡ್ಕೊಳ್ಳುತ್ತೆ. ನಂಗೆ ಏನಾಗಬೇಕು ಅಂತ ನಂಗೇ ಗೊತ್ತಿಲ್ಲ."

"ಇವತ್ತೇ ಗೊತ್ತಾಗಬೇಕಿಲ್ಲ" ಎಂದಳು. "ಮುಂದಿನ ವಾರ ಬರಬೇಕು ಅನ್ಸಿದ್ರೆ ಬನ್ನಿ. ನನ್ನ ಹತ್ರ ಸರಿಹೋಗಲ್ಲ ಅನ್ಸಿದ್ರೆ ಬೇರೆಯವರ ಹೆಸರು ಕೊಡ್ತೀನಿ, ಬೇಜಾರಿಲ್ಲ. ಇವತ್ತು ಮನೆಗೆ ಹೋದ ಮೇಲೆ ಸುಸ್ತಾಗಬಹುದು, ತಲೆ ನೋಯಬಹುದು. ಹೆಚ್ಚು ಕೆಲಸ ಇಟ್ಕೊಬೇಡಿ."

ಮಾತ್ರೆ ಬರೆಯಲಿಲ್ಲ. ಹೀಗೆ ಮಾಡಿ ಹಾಗೆ ಮಾಡಿ ಎನ್ನಲಿಲ್ಲ. ಹೊರಗೆ ಬಂದಾಗ ನನ್ನ ದುಃಖ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಒಳಗೆ ಹೋಗುವಾಗ ಅದು ನಾಚಿಕೆಯ ವಿಷಯವಾಗಿತ್ತು, ಬರುವಾಗ ಬರೀ ದುಃಖವಾಗಿತ್ತು.

ಮಗಳು ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಳು. ನನ್ನ ಊದಿದ ಕಣ್ಣು ನೋಡಿ ನೀರಿನ ಬಾಟಲಿ ಕೊಟ್ಟಳು. ಕಾರು ಸ್ವಲ್ಪ ದೂರ ಹೋದ ಮೇಲೆ, ಬೆಳಿಗ್ಗೆ ಏಳುವುದು ಬೇಡ ಎನಿಸುತ್ತದೆ ಎಂಬುದನ್ನು ಹೇಳಿದೆ. ಅವಳು ಗಾಡಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು.

"ನೀನು ಯಾಕೆ ಹೋಗಿದ್ದೆ?" ಎಂದು ಆಗ ಕೇಳಿದೆ.

"ಮದುವೆಯಾದ ಮೊದಲನೇ ವರ್ಷ. ಅತ್ತೆ ಮನೆ, ಆಫೀಸು, ಯಾವುದೂ ಹಿಡಿತಕ್ಕೆ ಸಿಗ್ತಿರ್ಲಿಲ್ಲ. ನಿದ್ದೆನೇ ಬರ್ತಿರ್ಲಿಲ್ಲ ಅಮ್ಮ."

"ನಂಗ್ಯಾಕೆ ಹೇಳ್ಲಿಲ್ಲ?"

ಅವಳು ಮುಂದಿನ ಗಾಜನ್ನು ನೋಡುತ್ತ ಹೇಳಿದಳು. "ಹೇಳೋಣ ಅಂತ ಒಂದಿನ ಬಂದಿದ್ದೆ. ನೀನು ಆ ಮಗು ಜೊತೆ ನೆಲದ ಮೇಲೆ ಮಲಗಿ ನಗ್ತಾ ಇದ್ದೆ. ನೀನು ಹಂಗೆ ನಗೋದನ್ನ ನಾನು ನೋಡೇ ಇರ್ಲಿಲ್ಲ. ಯಾಕೆ ಕೆಡಿಸ್ಲಿ ಅಂತ ಕಾಫಿ ಕುಡಿದು ಹೋದೆ."

ಕಂಪನಿ ಬಸ್ಸುಗಳು ಒಂದರ ಹಿಂದೆ ಒಂದು ಪಕ್ಕದಲ್ಲಿ ಹಾದುಹೋದವು.

ಮನೆಗೆ ಬಂದಾಗ ಯಜಮಾನರು ಗೇಟಿನ ಹತ್ತಿರವೇ ಇದ್ದರು. "ಏನ್ ಕೇಳುದ್ರು?" ಎಂದರು. ಎಲ್ಲ ಕೇಳಿದರು ಎಂದೆ. ಅವರು ಚಪ್ಪಲಿಯ ತುದಿಯಿಂದ ನೆಲ ಕೆದಕುತ್ತ ನಿಂತು, "ನಾನು ಬಸ್ಸತ್ರ ಅಂದಿದ್ನೂ ಯೋಳುದ್ಯಾ?" ಎಂದು ಕೇಳಿದರು.

"ಹೇಳ್ದೆ."

"ಅದುಕ್ಕೇನಂದ್ರು?"

"ಏನೂ ಅನ್ನಲಿಲ್ಲ."

"ಅದು ಅಳ್ತದೆ ಅಂತ ಅಂಗಂದ್ಬುಟ್ಟೆ" ಎಂದರು. ಆ ಬಗ್ಗೆ ಅವರು ಬಾಯಿ ಬಿಟ್ಟದ್ದು ಅದೇ ಮೊದಲು. ಆ ದಿನ ನಾವಿಬ್ಬರೂ ಒಟ್ಟಿಗೆ ಕೂತು ಉಂಡೆವು. ನನಗೆ ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ. ಅವರು ಪಲ್ಯ ಬಡಿಸಿದರು, ಬೇಡವೆನ್ನದೆ ಬಡಿಸಿಕೊಂಡೆ.

ಮುಂದಿನ ವಾರ ಹೋದೆ, ಅದರ ಮುಂದಿನ ವಾರವೂ ಹೋದೆ. ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ನಿದ್ದೆ ಬರುತ್ತದೆ. ಎದೆ ಹಿಡಿಯುವುದು ಕಡಿಮೆಯಾಗಿದೆ, ಪೂರ್ತಿ ಬಿಟ್ಟಿಲ್ಲ. ಮೇಲಿನ ಆ ಮನೆಗೆ ಬೇರೆಯವರು ಬಂದಿದ್ದಾರೆ, ಮಕ್ಕಳಿಲ್ಲದ ದಂಪತಿ. ಮನೆ ತೋರಿಸುವಾಗ ಮಕ್ಕಳಿದ್ದಾರೆಯೇ ಎಂದು ಕೇಳಿದವಳು ನಾನೇ.

ಮಳೆ ಶುರುವಾದ ಮೇಲೆ ಒಂದು ದಿನ ಬಾಗಲಕೋಟೆಯಿಂದ ಫೋನ್ ಬಂತು. ಮಗುವನ್ನು ಅಂಗನವಾಡಿಗೆ ಸೇರಿಸಿದ್ದಾರೆ. ಚೆನ್ನಾಗಿ ಉಣ್ಣುತ್ತಾಳೆ, ತಾಯಿಯ ಪಕ್ಕದಲ್ಲೇ ಮಲಗುತ್ತಾಳೆ. "ಈಗ ಮಾತಾಡ್ರೀ ಅಕ್ಕಾ, ಏನಾಗೂದಿಲ್ಲ" ಎಂದು ಹೇಳಿ ತಾಯಿ ಫೋನನ್ನು ಮಗುವಿನ ಕೈಗೆ ಕೊಟ್ಟಳು. "ಬೆಂಗಳೂರಾಗ ಇದ್ದಿವಲ್ಲ, ಆ ಮನಿಯವ್ರು, ಮಾತಾಡು" ಎಂದು ಅವಳು ಹಿಂದಿನಿಂದ ಹೇಳಿಕೊಟ್ಟದ್ದು ಕೇಳಿಸಿತು.

"ಆರಾಮ ಅದೀರ್ರೀ?" ಎಂದಿತು ಮಗು.

ಅದು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ನೀನೂ ಅತ್ತು, ನೀನೂ 'ಮಮ್ಮು' ತಿನ್ನು ಎನ್ನುತ್ತಿದ್ದ ಬಾಯಿ. ಈಗ ಮಾತು ಪೂರ್ತಿ ಅವರ ಕಡೆಯದು, ದನಿಯೂ ಅದರ ತಾಯಿಯದೇ. ಎಷ್ಟು ಸ್ಪಷ್ಟವಾಗಿ, ಎಷ್ಟು ಚೆಂದವಾಗಿ ಆಡುತ್ತಿತ್ತೆಂದರೆ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ.

"ಆರಾಮ ಇದೀನಿ ಕಂದ. ನೀನು?"

"ನಾನೂ ಆರಾಮ ಅದೀನ್ರೀ. ನಾ ಆಡಾಕ ಹೋಕ್ಕೀನ್ರೀ" ಎಂದು ಫೋನನ್ನು ತಾಯಿಗೆ ಕೊಟ್ಟು ಓಡಿತು. ದೂರದಲ್ಲಿ ಬೇರೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಸಿಟ್ಟಿಲ್ಲಲ್ರೀ ಅಕ್ಕಾ?" ಎಂದು ತಾಯಿ ಕೇಳಿದಳು.

"ಇಲ್ಲ ಕಣಮ್ಮ. ನೀನು ಸರಿಯಾಗೇ ಮಾಡಿದೆ" ಎಂದೆ. ಈ ಸಲ ಅದು ಬರೀ ಬಾಯಿಯ ಮಾತಾಗಿರಲಿಲ್ಲ. ಅಲ್ಲಿ ಮಳೆ ಹೇಗೆ, ಅವಳ ಗಂಡನಿಗೆ ಕೆಲಸ ಸಿಕ್ಕಿತೇ ಎಂದು ವಿಚಾರಿಸಿದೆ. ಅವಳು ಹೊಸ ಹೊಲಿಗೆ ಮಷಿನ್ ತೆಗೆದುಕೊಂಡ ವಿಷಯ ಹೇಳಿದಳು. ಮಾತು ಮುಗಿಸಿ ಫೋನಿಟ್ಟು ಅಡಿಗೆಮನೆಗೆ ಹೋದೆ. ನಲ್ಲಿಯನ್ನು ಜೋರಾಗಿ ಬಿಟ್ಟು, ಅದರ ಸದ್ದಿನಲ್ಲಿ ಬಹಳ ಹೊತ್ತು ಅತ್ತೆ.